ಸಿವಿಲ್ ಬಿ.ಇ. ಆದಮೇಲೆ ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್ ಓದು: ಮೊದಲು ಮೇಜು, ಆಮೇಲೆ ಕಾಲೇಜು

ಬೆಂಗಳೂರಿನ ಯಾವ ದೊಡ್ಡ ಸೈಟ್ ಆಫೀಸಿಗೆ ಹೋದರೂ ನಾಲ್ಕು ಬಗೆಯ ಮೇಜು ಕಾಣುತ್ತವೆ. ಒಂದರಲ್ಲಿ ಪ್ಲಾನಿಂಗ್ ಎಂಜಿನಿಯರ್ ಪ್ರೈಮವೆರಾ ಎಂಬ ಶೆಡ್ಯೂಲ್ ಸಾಫ್ಟ್‌ವೇರ್ ತೆರೆದು ಕೂತಿರುತ್ತಾರೆ. ಇನ್ನೊಂದು ಬಿಲ್ಲಿಂಗ್‌ನವರದು, ಸುತ್ತ ಆರ್‌ಎ ಬಿಲ್ಲುಗಳು (ಆದಷ್ಟು ಕೆಲಸಕ್ಕೆ ಆಗಾಗ ಹಾಕುವ ಬಿಲ್ಲು), ಮೆಷರ್‌ಮೆಂಟ್ ಶೀಟುಗಳು. ಮೂರನೆಯದು ಕ್ವಾಲಿಟಿಯವರದು, ಕಾಂಕ್ರೀಟಿನ ಬಲ ನೋಡುವ ಕ್ಯೂಬ್ ಟೆಸ್ಟ್ ರಿಜಿಸ್ಟರ್ ಸಮೇತ. ನಾಲ್ಕನೆಯದು ಹೆಚ್ಚು ಹೊತ್ತು ಖಾಲಿ. ಎಕ್ಸಿಕ್ಯೂಷನ್‌ನವರು ಸ್ಲ್ಯಾಬಿನ ಮೇಲಿರುತ್ತಾರೆ. ಮುಂದಿನ ಹತ್ತು ವರ್ಷ ಇವುಗಳಲ್ಲಿ ಯಾವ ಮೇಜಿನಲ್ಲಿ ಕೂರಬೇಕೆಂದಿದ್ದೀರಿ ಎಂಬುದು ತೀರ್ಮಾನವಾದರೆ ಯಾವ ಕೋರ್ಸು, ಯಾವ ಕಾಲೇಜು, ಯಾವ ಪರೀಕ್ಷೆ ಎಂಬ ಪ್ರಶ್ನೆಗಳು ಅರ್ಧ ಬಗೆಹರಿದಂತೆ. ಇದನ್ನು ತೀರ್ಮಾನಿಸದೆ ‘ಹೇಗಿದ್ರೂ ಎಂ.ಟೆಕ್ ಇರ್ಲಿ’ ಎಂದು ಸೇರಿದವರು ಎರಡು ವರ್ಷ ಕಳೆದು, ಬಿಟ್ಟುಬಂದ ಸಂಬಳಕ್ಕೇ ಮತ್ತೆ ಸೇರುವುದು ಅಪರೂಪವಲ್ಲ.

ಹೆಸರುಗಳ ಗೋಜಲು

ಒಂದೇ ಥರ ಕೇಳಿಸುವ ಪದವಿಗಳು ನಾಲ್ಕೈದಿವೆ. ಒಳಗಿನ ಸರಕು ಬೇರೆ ಬೇರೆ.

‘ಕನ್‌ಸ್ಟ್ರಕ್ಷನ್ ಟೆಕ್ನಾಲಜಿ’ ಎಂಬ ಎಂ.ಟೆಕ್ ಅಥವಾ ಎಂ.ಇ.ಯಲ್ಲಿ ಕಾಂಕ್ರೀಟ್, ಹೊಸ ವಸ್ತುಗಳು, ಫಾರ್ಮ್‌ವರ್ಕ್, ರಿಪೇರಿ ಇವು ಮುಂದೆ, ಮ್ಯಾನೇಜ್‌ಮೆಂಟ್ ಹಿಂದೆ. ಬೆಂಗಳೂರಿನಲ್ಲಿ ಯುವಿಸಿಇ ಮತ್ತು ಬಿಎಂಎಸ್ ಎಂಜಿನಿಯರಿಂಗ್ ಕಾಲೇಜು ಈ ಹೆಸರಿನ ಕೋರ್ಸಿಗೆ ಪರಿಚಿತ. ಕ್ವಾಲಿಟಿ, ಎಕ್ಸಿಕ್ಯೂಷನ್, ಆರ್‌ಎಂಸಿ (ರೆಡಿಮಿಕ್ಸ್ ಕಾಂಕ್ರೀಟ್) ಪ್ಲಾಂಟಿನ ಕಡೆ ಹೋಗುವವರಿಗೆ ಇದು ಹೊಂದುತ್ತದೆ.

‘ಕನ್‌ಸ್ಟ್ರಕ್ಷನ್ ಟೆಕ್ನಾಲಜಿ ಅಂಡ್ ಮ್ಯಾನೇಜ್‌ಮೆಂಟ್’ ಎರಡನ್ನೂ ಸೇರಿಸಿಕೊಳ್ಳುತ್ತದೆ. ಸುರತ್ಕಲ್‌ನ ಎನ್‌ಐಟಿಕೆ, ಮದ್ರಾಸ್ ಐಐಟಿ, ಬಾಂಬೆ ಐಐಟಿಗಳಲ್ಲಿ ಈ ಧಾಟಿಯ ಕೋರ್ಸುಗಳಿವೆ. ದೆಹಲಿ ಐಐಟಿಯದು ‘ಕನ್‌ಸ್ಟ್ರಕ್ಷನ್ ಎಂಜಿನಿಯರಿಂಗ್ ಅಂಡ್ ಮ್ಯಾನೇಜ್‌ಮೆಂಟ್’. ಪ್ಲಾನಿಂಗ್, ಕಾಂಟ್ರಾಕ್ಟ್ಸ್, ಪಿಎಂಸಿ (ಮಾಲೀಕರ ಪರವಾಗಿ ಪ್ರಾಜೆಕ್ಟ್ ನೋಡಿಕೊಳ್ಳುವ) ಕಂಪನಿಗಳ ಮೇಜಿಗೆ ಇವು ನೇರ ದಾರಿ.

‘ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟ್’ ಎಂಬ ಹೆಸರಿನ ಪದವಿ ನಮ್ಮಲ್ಲಿ ಕಡಿಮೆ, ಅಮೆರಿಕದಲ್ಲಿ ಹೆಚ್ಚು. ಅದು ಸಿವಿಲ್‌ನವರಿಗೇ ಎಂದು ಮಾಡಿದ್ದಲ್ಲ. ಕಾರ್ಖಾನೆ, ಸಾಫ್ಟ್‌ವೇರ್, ಸರಕು ಸಾಗಣೆ ಎಲ್ಲದಕ್ಕೂ ಹೊಂದುವಂತೆ ಆಪರೇಷನ್ಸ್ ರಿಸರ್ಚ್, ಹಣಕಾಸು, ರಿಸ್ಕ್, ಅಂಕಿಅಂಶ ಕಲಿಸುತ್ತಾರೆ. ಮುಂದೆ ಕಟ್ಟಡದ ಕೆಲಸವನ್ನೇ ಬಿಡಬೇಕಾಗಬಹುದು ಎಂಬ ಅನುಮಾನವಿದ್ದರೆ ಇದು ಒಳ್ಳೆಯದು. ಕ್ಲೇಮು, ಬಿಲ್ಲು, ಟೆಂಡರಿನಲ್ಲೇ ಬೆಳೆಯಬೇಕೆಂದರೆ ಇದು ಸುತ್ತುದಾರಿ. ಕನ್‌ಸ್ಟ್ರಕ್ಷನ್ ಹೆಸರಿನ ಎಂಬಿಎ, ಪಿಜಿ ಡಿಪ್ಲೊಮಾಗಳು ಮತ್ತೊಂದು ಬಗೆ. ಪುಣೆ ಮತ್ತು ಹೈದರಾಬಾದಿನ ನಿಕ್‌ಮಾರ್ ಇದಕ್ಕೇ ಹೆಸರಾದ ಸಂಸ್ಥೆ, ಕ್ಯಾಂಪಸ್ ಪ್ಲೇಸ್‌ಮೆಂಟ್ ನೋಡಿಯೇ ಜನ ಸೇರುತ್ತಾರೆ. ಖರ್ಚು ಸರ್ಕಾರಿ ಎಂ.ಟೆಕ್ ಸೀಟಿಗೆ ಹೋಲಿಸುವಂಥದ್ದಲ್ಲ. ಸಾಲ ಮಾಡಿ ಸೇರುವುದಾದರೆ ಕಂತಿನ ಲೆಕ್ಕವನ್ನು ಕಾಲೇಜು ಹೇಳುವ ಸರಾಸರಿ ಸಂಬಳದ ಮೇಲೆ ಹಾಕಬೇಡಿ. ಮೀಡಿಯನ್ (ನಡುವಿನವರ ಸಂಬಳ) ಎಷ್ಟು, ತರಗತಿಯಲ್ಲಿ ಎಷ್ಟು ಜನಕ್ಕೆ ಕೆಲಸ ಸಿಕ್ಕಿತು, ಎರಡನ್ನೂ ಕೇಳಿ.

ಓದಿಗೆ ಮುಂಚೆ ಸೈಟೋ, ಸೈಟಿಗೆ ಮುಂಚೆ ಓದೋ

ಟೆಕ್ನಾಲಜಿ ಕಡೆಯವರು ಬಿ.ಇ. ಮುಗಿಸಿ ನೇರವಾಗಿ ಸೇರಬಹುದು. ಪ್ಲಾನಿಂಗ್ ಮತ್ತು ಕಾಂಟ್ರಾಕ್ಟ್ಸ್ ಬೇಕೆನ್ನುವವರು ಕನಿಷ್ಠ ಒಂದು ವರ್ಷ ಸೈಟ್ ಮಾಡಿ ಬರುವುದೇ ವಾಸಿ. ಕಾರಣ ಸರಳ. ಮೇಸ್ತ್ರಿ ಒಂದು ದಿನಕ್ಕೆ ಎಷ್ಟು ಚದರ ಮೀಟರ್ ಸೆಂಟ್ರಿಂಗ್ ಎತ್ತುತ್ತಾರೆ ಎಂಬುದು ಗೊತ್ತಿಲ್ಲದವರು ಶೆಡ್ಯೂಲಿನಲ್ಲಿ ಬರೆಯುವ ದಿನಗಳೆಲ್ಲ ಊಹೆ. ಆದರೆ ಎರಡು ವರ್ಷ ದಾಟಿದರೆ ಎಂ.ಟೆಕ್ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆ ಗೇಟ್‌ಗೆ ಓದುವ ಅಭ್ಯಾಸ ಕೈ ತಪ್ಪುತ್ತದೆ. ಬೆಳಿಗ್ಗೆ ಎಂಟಕ್ಕೆ ಸೈಟು, ರಾತ್ರಿ ಹನ್ನೊಂದಕ್ಕೆ ಪೋರಿಂಗ್ ಮುಗಿಸಿ ಬರುವವರಿಗೆ ಓದಲು ಉಳಿಯುವುದು ಭಾನುವಾರ ಒಂದೇ. ಇದಕ್ಕೊಂದು ಉಪಾಯವಿದೆ: ಕೊನೆಯ ವರ್ಷದಲ್ಲೇ ಗೇಟ್ ಬರೆಯಿರಿ. ಅಂಕ ಮೂರು ವರ್ಷ ಊರ್ಜಿತ. ಒಂದು ವರ್ಷ ಸೈಟ್ ಮಾಡಿ, ಅದೇ ಅಂಕದ ಮೇಲೆ ಸೇರಬಹುದು.

ಆ ಸೈಟಿನ ವರ್ಷದಲ್ಲಿ ಮಾಡಬೇಕಾದ ಕೆಲಸ ಒಂದಿದೆ, ಸಂಬಳಕ್ಕಿಂತ ಬೆಲೆಯುಳ್ಳದ್ದು. ದಿನವೂ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಕೆಲಸ, ಎಷ್ಟು ಜನ, ಎಷ್ಟು ಗಂಟೆ, ಎಷ್ಟು ಪ್ರಮಾಣ, ಏಕೆ ನಿಂತಿತು. ‘ಮಳೆ’, ‘ಡ್ರಾಯಿಂಗ್ ಬಂದಿಲ್ಲ’, ‘ಮಿಕ್ಸರ್ ಸಿಲ್ಕ್ ಬೋರ್ಡ್‌ನಲ್ಲಿ ಸಿಕ್ಕಿಕೊಂಡಿತು’. ಕಾರಣ ಒಂದು ಮಾತಿನಲ್ಲಿರಲಿ, ಸಮಯ ನಿಮಿಷದಲ್ಲಿರಲಿ. ಎಂ.ಟೆಕ್ ಪ್ರಾಜೆಕ್ಟಿಗೆ ಇಂಥ ಅಂಕಿ ಕಾಲೇಜಿನಲ್ಲಿ ಕೂತು ಹುಡುಕಿದರೆ ಸಿಗುವುದಿಲ್ಲ.

ಪ್ರವೇಶ: ಗೇಟ್, ಪಿಜಿಸಿಇಟಿ

ಗೇಟ್ ಮೂರು ಗಂಟೆಯ ಪರೀಕ್ಷೆ, 65 ಪ್ರಶ್ನೆ, 100 ಅಂಕ. ಇದರಲ್ಲಿ ಜನರಲ್ ಆಪ್ಟಿಟ್ಯೂಡ್‌ಗೆ 15, ಗಣಿತಕ್ಕೆ 13ರ ಆಸುಪಾಸು, ಉಳಿದದ್ದು ಸಿವಿಲ್. ಅರ್ಜಿ ಸಾಮಾನ್ಯವಾಗಿ ಆಗಸ್ಟ್ ಕೊನೆ ಇಲ್ಲವೇ ಸೆಪ್ಟೆಂಬರಿನಿಂದ, ಪರೀಕ್ಷೆ ಫೆಬ್ರವರಿಯಲ್ಲಿ, ಫಲಿತಾಂಶ ಮಾರ್ಚಿನಲ್ಲಿ. ಬಹು ಆಯ್ಕೆಯ ಪ್ರಶ್ನೆ ತಪ್ಪಾದರೆ ಮೂರನೇ ಒಂದು ಭಾಗ ಕಳೆಯುತ್ತಾರೆ; ಸಂಖ್ಯೆಯನ್ನೇ ಟೈಪ್ ಮಾಡುವ ಪ್ರಶ್ನೆಗೂ, ಒಂದಕ್ಕಿಂತ ಹೆಚ್ಚು ಉತ್ತರ ಸರಿಯಿರಬಹುದಾದ ಪ್ರಶ್ನೆಗೂ ಕಳೆಯುವುದಿಲ್ಲ. ಹಾಗಾಗಿ ಆ ಎರಡು ಬಗೆಯಲ್ಲಿ ಒಂದನ್ನೂ ಖಾಲಿ ಬಿಡಬೇಡಿ. ಆಪ್ಟಿಟ್ಯೂಡನ್ನು ಕೊನೆಗೆಂದು ತಳ್ಳುವುದು ಸಿವಿಲ್‌ನವರ ಹಳೆಯ ಚಾಳಿ, ಅಲ್ಲಿ ಸುಲಭವಾಗಿ ಬರುವ ಹತ್ತು ಅಂಕ ಕೈಬಿಡುತ್ತದೆ. ಕೆಲಸದ ಅವಧಿ ಲೆಕ್ಕ ಹಾಕುವ ಪರ್ಟ್, ಸಿಪಿಎಂ ವಿಧಾನಗಳು, ಎಸ್ಟಿಮೇಶನ್ ಕೂಡ ಪಠ್ಯದಲ್ಲಿವೆ. ಮುಂದೆ ಓದಬೇಕಾದ್ದೂ ಅದೇ ಆದ್ದರಿಂದ ಅಲ್ಲಿ ಅಂಕ ಬಿಡುವುದು ನ್ಯಾಯವಲ್ಲ.

ಅಂಕ ಬಂದಮೇಲೆ ಮೂರು ದಾರಿ. ಐಐಟಿಗೆ ಒಂದೊಂದು ಸಂಸ್ಥೆಗೂ ಬೇರೆ ಬೇರೆ ಅರ್ಜಿ ಹಾಕಬೇಕು, ಅದಲ್ಲದೆ ಸಿಒಎಪಿ ಎಂಬ ಸಾಮಾನ್ಯ ಪೋರ್ಟಲ್‌ನಲ್ಲೂ ನೋಂದಾಯಿಸಬೇಕು. ಎಡವುವುದು ಇಲ್ಲೇ. ಸಿಒಎಪಿಯಲ್ಲಿ ಹೆಸರು ಕೊಟ್ಟು ‘ಅರ್ಜಿ ಹಾಕಿಯಾಯ್ತು’ ಎಂದು ಕೂರುತ್ತಾರೆ. ಅದು ಆಫರ್ ತೋರಿಸುವ ಕಿಟಕಿಯಷ್ಟೇ, ಅರ್ಜಿಯಲ್ಲ. ಎನ್‌ಐಟಿಗಳಿಗೆ ಸಿಸಿಎಂಟಿ ಕೌನ್ಸೆಲಿಂಗ್. ಕರ್ನಾಟಕದ ಕಾಲೇಜುಗಳಿಗೆ ರಾಜ್ಯದ ಪರೀಕ್ಷಾ ಪ್ರಾಧಿಕಾರ ಕೆಇಎ ನಡೆಸುವ ಪ್ರಕ್ರಿಯೆ.

ಕೆಇಎ ಸೀಟು ಹಂಚಿಕೆಯಲ್ಲಿ ಗೇಟ್ ಅರ್ಹತೆ ಉಳ್ಳವರನ್ನು ಮೊದಲು ಪರಿಗಣಿಸಿ, ಆಮೇಲೆ ರಾಜ್ಯದ ಪ್ರವೇಶ ಪರೀಕ್ಷೆ ಪಿಜಿಸಿಇಟಿಯ ರ‍್ಯಾಂಕಿನವರಿಗೆ ಬರುತ್ತಾರೆ. ಪಿಜಿಸಿಇಟಿ ಎರಡು ಗಂಟೆ, 100 ಅಂಕ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಬಿ.ಇ.ಯಲ್ಲಿ ಶೇ 50 ಇರಬೇಕು, ಎಸ್‌ಸಿ, ಎಸ್‌ಟಿ, ಪ್ರವರ್ಗ-1ರವರಿಗೆ ಶೇ 45. ಸಿವಿಲ್ ಎಂ.ಟೆಕ್ ಸೀಟುಗಳು ಹಲವು ಕಾಲೇಜುಗಳಲ್ಲಿ ಖಾಲಿ ಉಳಿಯುತ್ತವೆ ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ಎಂದರೆ ಸೀಟು ಸಿಗುವುದು ದೊಡ್ಡ ವಿಷಯವಲ್ಲ, ಸರಿಯಾದ ಕಾಲೇಜಿನ ಸೀಟು ಸಿಗುವುದು ವಿಷಯ.

ಗೇಟ್ ಬರೆಯಲು ಇನ್ನೊಂದು ಗಟ್ಟಿ ಕಾರಣ ಹಣ. ಊರ್ಜಿತ ಗೇಟ್ ಅಂಕದ ಮೇಲೆ ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇ ಅನುಮೋದಿಸಿದ ಕಾಲೇಜಿಗೆ ಪೂರ್ಣಾವಧಿ ಸೇರಿದವರಿಗೆ ತಿಂಗಳಿಗೆ 12,400 ರೂಪಾಯಿ ಪಿಜಿ ಸ್ಕಾಲರ್‌ಶಿಪ್ ಇದೆ, 24 ತಿಂಗಳವರೆಗೆ. ಪಿಜಿಸಿಇಟಿ ರ‍್ಯಾಂಕಿಗೆ ಇದು ಸಿಗುವುದಿಲ್ಲ. ಕೂಡಿಸಿದರೆ ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ, 2,97,600. ಕಾಲೇಜು ನಿಮ್ಮ ಹೆಸರಿಗೆ ವಿದ್ಯಾರ್ಥಿ ಐಡಿ ಸೃಷ್ಟಿಸಿ ಪೋರ್ಟಲ್‌ಗೆ ಹಾಕಬೇಕು, ಕೊನೆಯ ದಿನಾಂಕದೊಳಗೆ ನೀವು ದಾಖಲೆ ಏರಿಸಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ದುಡ್ಡು ನಿಲ್ಲುತ್ತದೆ. ಸೇರಿದ ಮೊದಲ ವಾರವೇ ಆಫೀಸಿನಲ್ಲಿ ಯಾರು ಇದನ್ನು ನೋಡಿಕೊಳ್ಳುತ್ತಾರೆಂದು ಕೇಳಿ, ಬೆನ್ನು ಹತ್ತಿ. ರಾಜ್ಯದ ಶುಲ್ಕ ಮರುಪಾವತಿ, ವಿದ್ಯಾರ್ಥಿವೇತನಗಳಿಗೆ ಎಸ್‌ಎಸ್‌ಪಿ ಪೋರ್ಟಲ್ ಬೇರೆಯೇ.

ದಾಖಲೆಗಳ ಬಗ್ಗೆ ಉದ್ದ ಪಟ್ಟಿ ಬೇಡ, ಕೆಇಎ ಮಾಹಿತಿ ಪುಸ್ತಕದಲ್ಲೇ ಇರುತ್ತದೆ. ತೊಂದರೆ ಕೊಡುವವು ಮೂರು. ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು ಇರುವುದು. ಇನಿಷಿಯಲ್ ಮುಂದೆ ಹಿಂದೆ ಆದರೂ ಸಾಕು, ಕೆಲಸ ಕೆಡುತ್ತದೆ. ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ಸಂಖ್ಯೆಯ ಅವಧಿ ಮುಗಿದಿರುವುದು. ಮತ್ತೆ, ಕರ್ನಾಟಕದಲ್ಲಿ ಏಳು ವರ್ಷ ಓದಿದ ಬಗ್ಗೆ ವ್ಯಾಸಂಗ ಪ್ರಮಾಣಪತ್ರ. ಹಳೆಯ ಶಾಲೆಗೆ ಹೋಗಿ ಬಿಇಒ ಕಚೇರಿಯ ಸಹಿ ಮಾಡಿಸಿಕೊಂಡು ಬರಲು ಊರಿಗೆ ಓಡಬೇಕಾಗುತ್ತದೆ, ಅದೂ ಬೇಸಿಗೆ ರಜೆಯಲ್ಲಿ ಶಾಲೆ ಮುಚ್ಚಿರುವಾಗ. ಏಪ್ರಿಲ್‌ಗೆ ಮುಂಚೆಯೇ ಮುಗಿಸಿ. ಕಲ್ಯಾಣ ಕರ್ನಾಟಕದವರು 371ಜೆ ಪ್ರಮಾಣಪತ್ರವನ್ನೂ ಜೊತೆಗಿಟ್ಟುಕೊಳ್ಳಬೇಕು.

ಆಪ್ಷನ್ ಎಂಟ್ರಿಗೆ ಮುಂಚೆ ಕಾಲೇಜಿಗೊಮ್ಮೆ ಹೋಗಿ

ವೆಬ್‌ಸೈಟ್ ನೋಡಿ ಆರಿಸುವುದಕ್ಕಿಂತ ಅರ್ಧ ದಿನ ಖರ್ಚು ಮಾಡಿ ವಿಭಾಗಕ್ಕೇ ಹೋಗಿಬನ್ನಿ. ಯುವಿಸಿಇ ಎಂದೊಡನೆ ಎಲ್ಲರೂ ಕೆ.ಆರ್. ಸರ್ಕಲ್ ಎನ್ನುತ್ತಾರೆ, ಆದರೆ ಸಿವಿಲ್ ವಿಭಾಗ ಇರುವುದು ಜ್ಞಾನಭಾರತಿ ಕ್ಯಾಂಪಸ್ಸಿನಲ್ಲಿ. ವೈಟ್‌ಫೀಲ್ಡ್ ಕಡೆ ಮನೆಯಿದ್ದವರಿಗೆ ನೇರಳೆ ಮಾರ್ಗದ ಮೆಟ್ರೊ ಇದೆ, ಹೆಬ್ಬಾಳದವರಿಗೆ ಅಷ್ಟು ಸುಲಭವಲ್ಲ. ಎರಡು ವರ್ಷ ದಿನವೂ ಓಡಾಡಬೇಕು, ಇದೂ ಲೆಕ್ಕಕ್ಕೆ ಬರಬೇಕಾದ ವಿಷಯ.

ಹೋದಾಗ ಲೈಬ್ರರಿಯಲ್ಲಿ ಹಿಂದಿನ ಮೂರು ವರ್ಷದ ಎಂ.ಟೆಕ್ ಪ್ರಾಜೆಕ್ಟ್ ವರದಿಗಳನ್ನು ಕೇಳಿ ತೆಗೆಸಿ. ಶೀರ್ಷಿಕೆಗಳಷ್ಟೇ ಓದಿದರೂ ವಿಭಾಗದ ನಾಡಿ ಸಿಗುತ್ತದೆ. ಹತ್ತಕ್ಕೆ ಎಂಟು ವರದಿಗಳು ‘ವಿಳಂಬಕ್ಕೆ ಕಾರಣಗಳು: ಒಂದು ಸಮೀಕ್ಷೆ’ ಎಂಬ ಧಾಟಿಯವಾದರೆ ಅಲ್ಲಿ ಸೈಟಿನ ಅಂಕಿಯ ಮೇಲೆ ಕೆಲಸ ಮಾಡಿಸುವ ಗೈಡ್ ಸಿಗುವುದು ಕಷ್ಟ. ಮೂರನೇ ಸೆಮಿಸ್ಟರಿನ ಇಂಟರ್ನ್‌ಶಿಪ್ಪನ್ನು ವಿಭಾಗ ಹುಡುಕಿಕೊಡುತ್ತದೋ, ನಾವೇ ಹುಡುಕಬೇಕೋ ಎಂಬುದನ್ನು ಸೀನಿಯರ್‌ಗಳ ಬಾಯಲ್ಲೇ ಕೇಳಿ. ಪ್ರೈಮವೆರಾಗೆ ಲೈಸೆನ್ಸ್ ಇದೆಯೋ, ‘ಇದೆ’ ಎಂದು ಗೋಡೆಯ ಮೇಲೆ ಬರೆದಿದ್ದಾರೆಯೋ ಎಂಬುದನ್ನು ಲ್ಯಾಬಿನಲ್ಲಿ ಕೂತು ನೋಡಿ. ಆಮೇಲೆ ಆಪ್ಷನ್ ಎಂಟ್ರಿಯಲ್ಲಿ ಮನಸ್ಸಿಗೆ ಬೇಕಾದ ಕ್ರಮದಲ್ಲೇ ಹಾಕಿ. ‘ಇದು ಸಿಗಲ್ಲ’ ಎಂದು ಒಳ್ಳೆಯದನ್ನು ಕೆಳಗೆ ಬರೆದರೆ ಮೇಲಿನದು ಸಿಕ್ಕಿಬಿಡುತ್ತದೆ, ಆಮೇಲೆ ಮಾಡುವಂತಿಲ್ಲ.

ಮೊದಲ ಎರಡು ಸೆಮಿಸ್ಟರ್: ಲೆಕ್ಕ ಎಲ್ಲಿ ತಪ್ಪುತ್ತದೆ

ಪರೀಕ್ಷೆಯಲ್ಲಿ ಸಿಪಿಎಂ ಲೆಕ್ಕ ಬಿಡಿಸುವುದು ಸುಲಭ. ಸೈಟಿನಲ್ಲಿ ಅದೇ ಲೆಕ್ಕ ಏಕೆ ಕೈಕೊಡುತ್ತದೆ ಎಂಬುದನ್ನು ಅರ್ಥ ಮಾಡಿಕೊಂಡರೆ ಮಾತ್ರ ಕೋರ್ಸಿನ ದುಡ್ಡು ವಸೂಲಾದಂತೆ. ಒಂದು ಉದಾಹರಣೆಯನ್ನು ಪೂರ್ತಿ ನೋಡೋಣ.

ಹತ್ತು ಸ್ಲ್ಯಾಬಿನ ಅಪಾರ್ಟ್‌ಮೆಂಟ್. ಸ್ಪ್ಯಾನ್ (ಆಧಾರದಿಂದ ಆಧಾರಕ್ಕೆ ಇರುವ ದೂರ) 5 ಮೀಟರ್. ಪ್ಲಾನಿಂಗ್‌ನವರು ಏಳು ದಿನಕ್ಕೊಂದು ಸ್ಲ್ಯಾಬ್ ಎಂದು ಬರೆದಿದ್ದಾರೆ. ಮೊದಲ ಸ್ಲ್ಯಾಬ್ ಹಾಕಿದ ದಿನ ಸೊನ್ನೆ ಎಂದಿಟ್ಟುಕೊಂಡರೆ ಹತ್ತನೆಯದು 63ನೇ ದಿನ. ಕಾಗದದ ಮೇಲೆ ಚೆನ್ನಾಗಿದೆ. ಆದರೆ ಕಾಂಕ್ರೀಟಿನ ಭಾರತೀಯ ಸಂಹಿತೆ ಐಎಸ್ 456:2000 ಪ್ರಕಾರ ಸಾಮಾನ್ಯ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ 4.5 ಮೀಟರಿಗಿಂತ ಹೆಚ್ಚಿನ ಸ್ಪ್ಯಾನಿನ ಸ್ಲ್ಯಾಬಿನ ಪ್ರಾಪ್ಸ್ (ಕೆಳಗೆ ಕೊಟ್ಟ ಆಧಾರದ ಕಂಬಗಳು) 14 ದಿನ ತೆಗೆಯುವಂತಿಲ್ಲ; 4.5 ಮೀಟರ್‌ವರೆಗೆ ಆಗಿದ್ದರೆ 7 ದಿನ ಸಾಕಿತ್ತು. ಹಾಗಾದರೆ ಮೂರನೇ ಸ್ಲ್ಯಾಬಿಗೆ ಸೆಂಟ್ರಿಂಗ್ ಎತ್ತುವಾಗ ಮೊದಲ ಎರಡರ ಕೆಳಗೂ ಪ್ರಾಪ್ಸ್ ನಿಂತಿರುತ್ತವೆ. ಏಳು ದಿನದ ಸೈಕಲ್ ನಡೆಯಬೇಕಾದರೆ ಮೂರು ಸೆಟ್ ಬೇಕು.

ಸ್ಟೋರಿನಲ್ಲಿ ಇರುವುದು ಎರಡೇ ಸೆಟ್ ಎನ್ನಿ. ಮೊದಲ ಸ್ಲ್ಯಾಬ್ ಸೊನ್ನೆಗೆ, ಎರಡನೆಯದು 7ಕ್ಕೆ. ಮೂರನೆಯದಕ್ಕೆ ಪ್ರಾಪ್ಸ್ ಬಿಡುಗಡೆಯಾಗುವುದು 14ಕ್ಕೆ, ಎತ್ತಿ ಕಂಬಿ ಕಟ್ಟಿ ಹಾಕುವಷ್ಟರಲ್ಲಿ 21. ನಾಲ್ಕನೆಯದು 28. ಐದನೆಯದು 42, ಆರನೆಯದು 49. ಹೀಗೆ ಹೋದರೆ ಹತ್ತನೆಯ ಸ್ಲ್ಯಾಬ್ 91ನೇ ದಿನಕ್ಕೆ. ಒಂದು ಸೆಟ್ ಪ್ರಾಪ್ಸ್ ಕಡಿಮೆಯಿದ್ದುದಕ್ಕೆ 28 ದಿನ ಹೋಯಿತು, ಮತ್ತು ಸಾಫ್ಟ್‌ವೇರ್ ಇದನ್ನು ತಾನಾಗಿ ಹೇಳುವುದಿಲ್ಲ. ಪ್ರಾಪ್ಸನ್ನು ರಿಸೋರ್ಸ್ ಎಂದು ನೀವೇ ಜೋಡಿಸಿದರೆ ಮಾತ್ರ ಹೇಳುತ್ತದೆ. ನಮ್ಮಲ್ಲಿ ಬಹುಪಾಲು ಸೈಟುಗಳಲ್ಲಿ ಹಾರುಬೂದಿ ಬೆರೆಸಿದ ಪಿಪಿಸಿ ಸಿಮೆಂಟ್, ಅದಕ್ಕೆ ಅವಧಿಯನ್ನು ತಕ್ಕಂತೆ ಬದಲಿಸಬೇಕು ಎಂದು ಅದೇ ಸಂಹಿತೆ ಹೇಳುತ್ತದೆ. ಸೈಟಿನಲ್ಲಿ ಈ ಒತ್ತಡಕ್ಕೆ ಸಾಮಾನ್ಯವಾಗಿ ಸಿಗುವ ‘ಪರಿಹಾರ’ ಹತ್ತನೇ ದಿನಕ್ಕೇ ಪ್ರಾಪ್ಸ್ ಎಳೆಯುವುದು. ಸ್ಲ್ಯಾಬ್ ಜೋಲುವುದು, ಬಿರುಕು ಕಾಣುವುದು ಆಮೇಲೆ ಕ್ವಾಲಿಟಿಯವರ ತಲೆಗೆ ಬರುತ್ತದೆ. ಟೆಕ್ನಾಲಜಿ ವಿಷಯವನ್ನೂ ಪ್ಲಾನಿಂಗ್ ವಿಷಯವನ್ನೂ ಬೇರೆ ಬೇರೆ ಪೇಪರ್ ಎಂದು ಓದಬಾರದು ಎನ್ನುವುದು ಇದಕ್ಕೇ.

ಪರ್ಟ್ ಕೂಡ ಹಾಗೇ. ಬೆಂಗಳೂರಿನ ನೆಲದಲ್ಲಿ ಕೆಂಪು ಮಣ್ಣಿನ ಕೆಳಗೆ ಗಟ್ಟಿ ನೈಸ್ ಬಂಡೆ, ಅದೂ ಒಂದೊಂದು ಮೂಲೆಯಲ್ಲಿ ಒಂದೊಂದು ಆಳದಲ್ಲಿ. ಎರಡು ಬೇಸ್‌ಮೆಂಟ್ ಅಗೆಯಲು ಎಲ್ಲ ಸರಿಯಿದ್ದರೆ 20 ದಿನ, ಸಾಮಾನ್ಯವಾಗಿ 30, ಬಂಡೆ ಸಿಕ್ಕಿ ಬ್ರೇಕರ್ ಹಚ್ಚಬೇಕಾದರೆ 70 ಎಂದಿಟ್ಟುಕೊಳ್ಳಿ. ನಿರೀಕ್ಷಿತ ಅವಧಿ 20, 30ರ ನಾಲ್ಕರಷ್ಟು, 70 ಕೂಡಿಸಿ 6ರಿಂದ ಭಾಗಿಸಿದರೆ 35. ‘ಸಾಮಾನ್ಯವಾಗಿ 30’ ಎಂಬ ಮಾತನ್ನೇ ಬಾರ್ ಚಾರ್ಟಿನಲ್ಲಿ ಬರೆದವರು ಮೊದಲ ದಿನವೇ ಐದು ದಿನ ಹಿಂದೆ. ಸ್ಟ್ಯಾಂಡರ್ಡ್ ಡೀವಿಯೇಶನ್ 70ರಿಂದ 20 ಕಳೆದು 6ರಿಂದ ಭಾಗಿಸಿ, 8ಕ್ಕಿಂತ ತುಸು ಹೆಚ್ಚು. ನೆಲದ ಪರೀಕ್ಷೆಗೆ ಎರಡು ಬೋರ್‌ಹೋಲಿನ ಬದಲು ಆರು ಹಾಕಿಸಿದರೆ ಆ 70 ಎಷ್ಟಕ್ಕೆ ಇಳಿಯುತ್ತದೆ ಎಂದು ಕೇಳಿಕೊಳ್ಳುವವರು ಪ್ಲಾನಿಂಗ್ ಎಂಜಿನಿಯರ್.

ಕೆಲಸ, ಖರ್ಚು ಎರಡನ್ನೂ ಒಟ್ಟಿಗೆ ಅಳೆಯುವ ಅರ್ನ್ಡ್ ವ್ಯಾಲ್ಯೂ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಒಂದು ಲೆಕ್ಕ ಸಾಕು. ಒಟ್ಟು ಬಜೆಟ್ 100 ಲಕ್ಷ. ಇಂದಿಗೆ ಆಗಬೇಕಿದ್ದ ಕೆಲಸದ ಬೆಲೆ 40, ಆಗಿರುವುದು 32, ಖರ್ಚಾಗಿರುವುದು 36. ವೇಗದ ಸೂಚ್ಯಂಕ ಎಸ್‌ಪಿಐ 32/40 = 0.80, ಖರ್ಚಿನ ಸೂಚ್ಯಂಕ ಸಿಪಿಐ 32/36 = 0.89. ಇದೇ ಜಾಡಿನಲ್ಲಿ ಹೋದರೆ ಮುಗಿಯುವಾಗ 112.5 ಲಕ್ಷ. ಲೆಕ್ಕ ತಪ್ಪುವುದು ಆ 32ರಲ್ಲಿ: ‘ಶೇ 90 ಮುಗಿದಿದೆ’ ಎಂದು ಸೈಟಿನವರು ಹೇಳಿದ್ದನ್ನೇ ಬರೆದುಕೊಂಡರೆ ಪ್ಲಾಸ್ಟರಿಂಗ್ ತಿಂಗಳುಗಟ್ಟಲೆ ಶೇ 90ರಲ್ಲೇ ನಿಂತಿರುತ್ತದೆ. ಅಳತೆ ಮಾಡಿದ ಚದರ ಮೀಟರನ್ನೇ ತೆಗೆದುಕೊಳ್ಳಿ. ಬಿಲ್ಲಿಂಗ್ ಮೇಜಿನ ಅಳತೆ ಶೀಟು, ಪ್ಲಾನಿಂಗ್ ಮೇಜಿನ ಶೇಕಡಾ ಲೆಕ್ಕ ಎರಡೂ ತಾಳೆಯಾಗದ ಸೈಟಿನಲ್ಲಿ ಈ ಪದ್ಧತಿ ನಡೆಯುವುದೇ ಇಲ್ಲ.

ಕಾಂಟ್ರಾಕ್ಟ್ಸ್ ಪೇಪರನ್ನು ಗೈಡ್ ಪುಸ್ತಕದಿಂದ ಓದಬೇಡಿ. ಕರ್ನಾಟಕ ಪಬ್ಲಿಕ್ ಪ್ರೊಕ್ಯೂರ್‌ಮೆಂಟ್ ಪೋರ್ಟಲ್‌ನಲ್ಲಿ ಸರ್ಕಾರಿ ಟೆಂಡರುಗಳು ಬರುತ್ತವೆ. ಕೆಡಬ್ಲ್ಯು-4 ಮಾದರಿಯ ಒಂದು ಟೆಂಡರ್ ದಾಖಲೆ ತೆಗೆದು ಕೊನೆಯವರೆಗೂ ಓದಿ: ಅವಧಿ ವಿಸ್ತರಣೆ, ಎಲ್‌ಡಿ (ತಡಕ್ಕೆ ಕಟ್ಟಬೇಕಾದ ಪರಿಹಾರ), ಬೆಲೆ ಹೊಂದಾಣಿಕೆ, ಹೆಚ್ಚುವರಿ ಐಟಂನ ದರ. ಪಕ್ಕದಲ್ಲಿ ಸರ್ಕಾರಿ ಖರೀದಿಯ ಕೆಟಿಪಿಪಿ ಕಾಯ್ದೆ 1999 ಮತ್ತು ಭಾರತೀಯ ಕರಾರು ಕಾಯ್ದೆ 1872ರ 55, 73, 74ನೇ ಕಲಂ ಇರಲಿ. ವಿದೇಶಿ ಬ್ಯಾಂಕಿನ ಸಾಲದ ದೊಡ್ಡ ಯೋಜನೆಗಳಲ್ಲಿ ಫಿಡಿಕ್ ಎಂಬ ಅಂತರರಾಷ್ಟ್ರೀಯ ಮಾದರಿಯ ಕರಾರು ಬರುತ್ತದೆ, ಅಲ್ಲಿ ಕ್ಲೇಮಿನ ನೋಟಿಸ್ ಕೊಡಲು 28 ದಿನ. ತೊಂದರೆ ನಡೆದ ದಿನ ಯಾವುದು, ನೋಟಿಸ್ ಕೊಟ್ಟ ದಿನ ಯಾವುದು ಎಂದು ತೋರಿಸಲಾಗದ ಕಾಂಟ್ರಾಕ್ಟರ್ ನ್ಯಾಯವಾದ ಹಣವನ್ನೂ ಕಳೆದುಕೊಳ್ಳುತ್ತಾರೆ. ಕೆಲಸಕ್ಕಾದ ಅಡ್ಡಿಗಳನ್ನು ಬರೆದಿಡುವ ಹಿಂಡ್ರೆನ್ಸ್ ರಿಜಿಸ್ಟರ್ ಎಂಬ ಬಡಪಾಯಿ ಪುಸ್ತಕಕ್ಕೆ ಇರುವ ಬೆಲೆ ಇಲ್ಲಿ ಗೊತ್ತಾಗುತ್ತದೆ.

ಪ್ರಾಜೆಕ್ಟ್: ಪ್ರಶ್ನಾವಳಿ ಬಿಟ್ಟು ಬೇರೇನಾದರೂ

ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್‌ನಲ್ಲಿ ಅತಿ ಹೆಚ್ಚು ನಡೆಯುವ ಪ್ರಾಜೆಕ್ಟ್ ಇದು: ಕೆಲಸ ತಡವಾಗಲು ನಲವತ್ತು ಕಾರಣಗಳ ಪಟ್ಟಿ, ಐವತ್ತು ಜನಕ್ಕೆ ಗೂಗಲ್ ಫಾರ್ಮ್, 1ರಿಂದ 5ರವರೆಗೆ ಅಂಕ, ಕೊನೆಗೆ ಆರ್‌ಐಐ ಎಂಬ ಮಹತ್ವದ ಸೂಚ್ಯಂಕ. ಅಂಕಗಳ ಮೊತ್ತವನ್ನು ಗರಿಷ್ಠ ಅಂಕ ಮತ್ತು ಉತ್ತರಿಸಿದವರ ಸಂಖ್ಯೆಯ ಗುಣಲಬ್ಧದಿಂದ ಭಾಗಿಸುವುದು ಆರ್‌ಐಐ. ಐವತ್ತು ಜನ ಒಂದು ಕಾರಣಕ್ಕೆ ಒಟ್ಟು 205 ಕೊಟ್ಟರೆ 250ರಿಂದ ಭಾಗಿಸಿ 0.82. ಇನ್ನೊಂದಕ್ಕೆ 200 ಬಂದರೆ 0.80. ಮೊದಲನೆಯದು ‘ಒಂದನೇ ಸ್ಥಾನ’, ಎರಡನೆಯದು ‘ಎರಡನೇ ಸ್ಥಾನ’ ಎಂದು ತೀರ್ಪು ಬರೆಯುತ್ತಾರೆ. ಐದೇ ಜನ ಒಂದೊಂದು ಅಂಕ ಬದಲಿಸಿದ್ದರೆ ಎರಡೂ ಸಮ. ಆ ಐವತ್ತು ಜನರಲ್ಲಿ ಮೂವತ್ತು ಮಂದಿ ಒಂದೇ ಕಂಪನಿಯ ಗೆಳೆಯರಾಗಿದ್ದರೆ ಕೇಳುವುದೇ ಬೇಡ. ಕಾಂಟ್ರಾಕ್ಟರ್ ಕಡೆಯವರು ‘ಡ್ರಾಯಿಂಗ್ ತಡ’ ಎನ್ನುತ್ತಾರೆ, ಕ್ಲೈಂಟ್ ಕಡೆಯವರು ‘ಲೇಬರ್ ಕೊರತೆ’ ಎನ್ನುತ್ತಾರೆ. ಇಬ್ಬರ ಉತ್ತರ ಬೆರೆಸಿ ಸರಾಸರಿ ತೆಗೆದರೆ ಯಾರ ಸತ್ಯವೂ ಉಳಿಯುವುದಿಲ್ಲ. ಗೈಡ್ ಸಮೀಕ್ಷೆಯೇ ಬೇಕೆಂದರೆ ಕನಿಷ್ಠ ಎರಡೂ ಗುಂಪಿನ ಲೆಕ್ಕ ಬೇರೆ ಬೇರೆ ತೋರಿಸಿ, ಉತ್ತರಗಳ ಪರಸ್ಪರ ಹೊಂದಾಣಿಕೆ ಅಳೆಯುವ ಕ್ರೊನ್‌ಬ್ಯಾಕ್ ಆಲ್ಫಾ 0.7ಕ್ಕಿಂತ ಮೇಲಿದೆಯೇ ನೋಡಿ.

ಅದಕ್ಕಿಂತ ಗಟ್ಟಿಯಾದ ದಾರಿಗಳು ಬೆಂಗಳೂರಿನಲ್ಲೇ ಬೇಕಾದಷ್ಟಿವೆ.

ವರ್ಕ್ ಸ್ಯಾಂಪ್ಲಿಂಗ್ ಮಾಡಿ. ಒಂದು ಗ್ಯಾಂಗನ್ನು ದಿನದ ಬೇರೆ ಬೇರೆ ಹೊತ್ತಿನಲ್ಲಿ, ಹೊತ್ತನ್ನು ಚೀಟಿ ಎತ್ತಿದಂತೆ ಆರಿಸಿ, ಆ ಕ್ಷಣ ಎಷ್ಟು ಜನ ನಿಜವಾಗಿ ಕೆಲಸದಲ್ಲಿದ್ದಾರೆ, ಎಷ್ಟು ಜನ ಕಾಯುತ್ತಿದ್ದಾರೆ ಎಂದು ಗುರುತಿಸುವುದು. ಕೆಲಸದಲ್ಲಿರುವ ಪಾಲು ಶೇ 40ರ ಸುಮಾರು ಎಂದು ಅಂದಾಜಿದ್ದು, ಶೇ 95 ವಿಶ್ವಾಸದಲ್ಲಿ ಶೇ 5ರೊಳಗಿನ ತಪ್ಪು ಸಾಕೆಂದರೆ 369 ವೀಕ್ಷಣೆ ಬೇಕು. ಏನೂ ಅಂದಾಜಿಲ್ಲದಿದ್ದರೆ ಶೇ 50 ಎಂದಿಟ್ಟು 385. ಹೊತ್ತನ್ನು ಮೇಸ್ತ್ರಿಗೆ ಮುಂಚೆ ಹೇಳಬೇಡಿ. ನೀವು ಬರುವುದು ಗೊತ್ತಾದರೆ ಎಲ್ಲರ ಕೈಯಲ್ಲೂ ಕರಣೆ ಇರುತ್ತದೆ.

ಆರ್‌ಎಂಸಿ ಚಲನ್‌ಗಳು ಇನ್ನೊಂದು ಗಣಿ. ಪ್ಲಾಂಟಿನಲ್ಲಿ ಲೋಡ್ ಆದ ಹೊತ್ತು, ಸೈಟಿಗೆ ಬಂದ ಹೊತ್ತು, ಖಾಲಿಯಾದ ಹೊತ್ತು ಮೂರನ್ನೂ ಸಾಮಾನ್ಯವಾಗಿ ಬರೆದಿಡುತ್ತಾರೆ. ರೆಡಿಮಿಕ್ಸ್ ಸಂಹಿತೆ ಐಎಸ್ 4926 ಪ್ರಕಾರ ಲೋಡ್ ಆದ 2 ಗಂಟೆಯೊಳಗೆ ಖಾಲಿಯಾಗಬೇಕು, ಗಟ್ಟಿಯಾಗುವುದನ್ನು ತಡಮಾಡುವ ರಿಟಾರ್ಡರ್ ಬಳಸಿದ್ದರೆ ಹೆಚ್ಚು ಸಮಯಕ್ಕೆ ಅವಕಾಶವಿದೆ. ಮೂರು ತಿಂಗಳ ಚಲನ್ ಸಿಕ್ಕರೆ ಹೊತ್ತಿಗೆ ತಕ್ಕಂತೆ ಪ್ರಯಾಣದ ಅವಧಿ ಹೇಗೆ ಏರಿಳಿಯುತ್ತದೆ, ಸೈಟಿನಲ್ಲಿ ಪಂಪ್ ಕಾಯುವುದೆಷ್ಟು, ಮಿಕ್ಸರ್ ಕಾಯುವುದೆಷ್ಟು, ಸ್ಲಂಪ್ (ಹಸಿ ಕಾಂಕ್ರೀಟಿನ ಮೆದುತನದ ಅಳತೆ) ಬಿದ್ದು ವಾಪಸ್ ಕಳಿಸಿದ ಲೋಡ್ ಎಷ್ಟು ಎಂಬುದೆಲ್ಲ ಹೊರಬರುತ್ತದೆ. ಸ್ಲಂಪ್ ಇಳಿದಾಗ ಡ್ರಮ್ಮಿಗೆ ನೀರು ಸುರಿಯುವುದು ಚಲನ್‌ನಲ್ಲಿ ಬರೆದಿರುವುದಿಲ್ಲ. ಅದನ್ನು ಹಿಡಿಯಲು ಅದೇ ಲೋಡಿನ ಕ್ಯೂಬ್ ಫಲಿತಾಂಶದ ಜೊತೆ ಹೋಲಿಸಿ ನೋಡಬೇಕು.

ಕಂಪನಿಯ ಬಾಗಿಲು ತೆರೆಯದಿದ್ದರೆ ಸಾರ್ವಜನಿಕ ಅಂಕಿ ಇದೆ. ರೇರಾ ಕಾಯ್ದೆ 2016ರ ಪ್ರಕಾರ ಬಿಲ್ಡರ್‌ಗಳು ಮೂರು ತಿಂಗಳಿಗೊಮ್ಮೆ ಪ್ರಗತಿ ವಿವರ ಹಾಕಬೇಕು, ನೋಂದಣಿಯ ಮುಕ್ತಾಯ ದಿನಾಂಕವೂ ವಿಸ್ತರಣೆಯೂ ಕೆ-ರೇರಾ ಜಾಲತಾಣದಲ್ಲಿ ಕಾಣುತ್ತವೆ. ಒಂದೇ ಪ್ರದೇಶದ ಮೂವತ್ತು ಪ್ರಾಜೆಕ್ಟುಗಳ ಹೇಳಿದ ದಿನಾಂಕಕ್ಕೂ ಆದ ದಿನಾಂಕಕ್ಕೂ ಇರುವ ಅಂತರ, ಮಹಡಿಗಳ ಸಂಖ್ಯೆ, ಬೇಸ್‌ಮೆಂಟ್ ಇದೆಯೇ ಇಲ್ಲವೇ, ಇಷ್ಟು ಕೂಡಿಸಿದರೆ ಐವತ್ತು ಜನರ ಅಭಿಪ್ರಾಯಕ್ಕಿಂತ ತೂಕದ ವರದಿಯಾಗುತ್ತದೆ. ಈಜಿಪುರ ಮೇಲ್ಸೇತುವೆಯಂಥದ್ದೂ ಇದೆ: 2017ರಲ್ಲಿ ಶುರುವಾಗಿ, 2022ರಲ್ಲಿ ಮೊದಲ ಗುತ್ತಿಗೆ ರದ್ದಾಗಿ, ಮತ್ತೆ ಟೆಂಡರಿಗೆ ಹೋದ ಎರಡೂವರೆ ಕಿಲೋಮೀಟರ್. ಗುತ್ತಿಗೆ ರದ್ದಾದ ಕೆಲಸದ ಉಳಿದ ಭಾಗವನ್ನು ಹೊಸಬರಿಗೆ ಕೊಡುವಾಗ ಹಳೆಯ ಅಳತೆ, ನಿಂತ ಪಿಲ್ಲರುಗಳ ಗುಣಮಟ್ಟ, ಹೊಸ ಎಸ್‌ಆರ್ (ಸರ್ಕಾರಿ ದರಪಟ್ಟಿ) ದರ ಇವನ್ನೆಲ್ಲ ಹೇಗೆ ನಿಭಾಯಿಸುತ್ತಾರೆ ಎಂಬುದು ಆರ್‌ಟಿಐ ಅರ್ಜಿಯಿಂದ ಶುರುಮಾಡಬಹುದಾದ ಪ್ರಾಜೆಕ್ಟ್. ಉತ್ತರಕ್ಕೆ ನಿಯಮದ ಪ್ರಕಾರ 30 ದಿನ. ಅದಕ್ಕೆ ಮೇಲ್ಮನವಿಯ ತಿಂಗಳುಗಳನ್ನೂ ಸೇರಿಸಿ, ಮೂರನೇ ಸೆಮಿಸ್ಟರ್ ಶುರುವಿನಲ್ಲೇ ಹಾಕಿ.

ಖಾಸಗಿ ಸೈಟಿನ ಅಂಕಿ ಬಳಸುವುದಾದರೆ ಮೊದಲೇ ಪತ್ರದಲ್ಲಿ ಅನುಮತಿ ಪಡೆಯಿರಿ. ದರಗಳನ್ನು ಸೂಚ್ಯಂಕಕ್ಕೆ ಬದಲಿಸಿ, ಕಂಪನಿಯ ಹೆಸರು ‘ಸೈಟ್ ಎ’ ಆಗಲಿ. ಬಾಯಿಮಾತಿನಲ್ಲಿ ‘ತಗೊಳ್ಳಪ್ಪ’ ಎಂದ ಪ್ರಾಜೆಕ್ಟ್ ಮ್ಯಾನೇಜರ್ ವೈವಾ ಹೊತ್ತಿಗೆ ಬೇರೆ ಕಂಪನಿಗೆ ಹೋಗಿರುತ್ತಾರೆ. ವರದಿಯ ಹೋಲಿಕೆ ಪ್ರಮಾಣಕ್ಕೆ ಯುಜಿಸಿ 2018ರ ನಿಯಮದಲ್ಲಿ ಶೇ 10ರವರೆಗೆ ದಂಡವಿಲ್ಲ. ನಿಮ್ಮ ವಿಶ್ವವಿದ್ಯಾಲಯದ ಮಿತಿಯನ್ನು ಕೇಳಿಕೊಂಡು, ಸಾಹಿತ್ಯ ವಿಮರ್ಶೆಯ ಅಧ್ಯಾಯವನ್ನು ಕತ್ತರಿಸಿ ಅಂಟಿಸದೆ ಬರೆಯಿರಿ. ಹಣ ಕಟ್ಟಿದ ನಾಲ್ಕೇ ದಿನದಲ್ಲಿ ‘ಪ್ರಕಟ’ವಾಗುವ ಜರ್ನಲುಗಳಿಂದ ಸಿಗುವುದು ಒಂದು ಪಿಡಿಎಫ್ ಮಾತ್ರ.

ಕೆಲಸ ಬಿಡಲಾಗದವರಿಗೆ

ಎಂ.ಟೆಕ್ಕನ್ನು ಅಂಚೆ ಮೂಲಕ ಮಾಡುವ ಆಸೆ ಬಿಡಿ, ದೂರಶಿಕ್ಷಣದ ಎಂಜಿನಿಯರಿಂಗ್ ಪದವಿಗೆ ಎಐಸಿಟಿಇ ಒಪ್ಪಿಗೆ ಇಲ್ಲ. ಕೆಲಸದಲ್ಲಿರುವವರಿಗೆ ಹೊಂದುವ ಹೊತ್ತಿನಲ್ಲಿ ತರಗತಿ ನಡೆಸಲು ಕೆಲವು ಕಾಲೇಜುಗಳಿಗೆ ಅದೇ ಮಂಡಳಿ ಅನುಮತಿ ಕೊಡುತ್ತದೆ. ಸೇರುವ ಮುನ್ನ ಆ ವರ್ಷದ ಅನುಮತಿ ಪತ್ರ ತೋರಿಸಿ ಎಂದು ಕೇಳಿ. ಪದವಿಯೇ ಬೇಕಿಲ್ಲ, ಜ್ಞಾನ ಸಾಕು ಎಂದರೆ ಆನ್‌ಲೈನ್ ವೇದಿಕೆ ಎನ್‌ಪಿಟಿಇಎಲ್‌ನಲ್ಲಿ ಐಐಟಿಗಳ ಕನ್‌ಸ್ಟ್ರಕ್ಷನ್ ಕೋರ್ಸುಗಳು ಉಚಿತ, ಪರೀಕ್ಷೆಗೆ ಮಾತ್ರ ಶುಲ್ಕ. ಪಿಎಂಪಿ ಎಂಬ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಸರ್ಟಿಫಿಕೇಟಿಗೆ ನಾಲ್ಕು ವರ್ಷದ ಪದವಿಯವರು 36 ತಿಂಗಳು ಪ್ರಾಜೆಕ್ಟ್ ಮುನ್ನಡೆಸಿದ ಅನುಭವ ಮತ್ತು 35 ಗಂಟೆ ತರಬೇತಿ ತೋರಿಸಬೇಕು. ಹೊಸದಾಗಿ ಪಾಸಾದವರಿಗೆ ಅದನ್ನು ಮಾರುವ ತರಬೇತಿ ಕೇಂದ್ರಗಳಿಂದ ದೂರವಿರಿ.

ಅಮೆರಿಕಕ್ಕೆ ಹೋಗುವವರು ಕೋರ್ಸಿನ ಹೆಸರಿಗಿಂತ ಅದರ ಸಿಐಪಿ ಕೋಡ್ (ವಿಷಯ ವರ್ಗೀಕರಣದ ಸಂಖ್ಯೆ) ನೋಡಬೇಕು. ಓದು ಮುಗಿದ ಮೇಲೆ ಎಲ್ಲರಿಗೂ 12 ತಿಂಗಳ ಒಪಿಟಿ, ಎಂದರೆ ಅಲ್ಲಿ ಕೆಲಸ ಮಾಡಲು ಅನುಮತಿ. ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿರುವ ಕೋಡ್ ಆದರೆ ಇನ್ನೂ 24 ತಿಂಗಳು. 14ರಿಂದ ಶುರುವಾಗುವ ಎಂಜಿನಿಯರಿಂಗ್ ಕೋಡುಗಳು ಪಟ್ಟಿಯಲ್ಲಿವೆ, ಎಂಜಿನಿಯರಿಂಗ್ ಮ್ಯಾನೇಜ್‌ಮೆಂಟಿಗೆ ಬಳಸುವ 15.1501 ಕೂಡ. 52ರಿಂದ ಶುರುವಾಗುವ ಬಿಸಿನೆಸ್ ಗುಂಪಿನ ಕೋಡುಗಳಲ್ಲಿ ಹೆಚ್ಚಿನವು ಇಲ್ಲ, ಮತ್ತು ‘ಕನ್‌ಸ್ಟ್ರಕ್ಷನ್ ಮ್ಯಾನೇಜ್‌ಮೆಂಟ್’ ಎಂಬ ಹೆಸರಿನ ಕೋರ್ಸಿಗೆ ಕೆಲವು ವಿಶ್ವವಿದ್ಯಾಲಯಗಳು ಅದೇ ಗುಂಪಿನ ಕೋಡ್ ಕೊಡುತ್ತವೆ. ವೀಸಾಗೆ ಬೇಕಾದ ಐ-20 ಪತ್ರ ಬಂದಮೇಲೆ ನೋಡುವುದಲ್ಲ, ಅರ್ಜಿ ಹಾಕುವ ಮೊದಲೇ ವಿಭಾಗಕ್ಕೆ ಇಮೇಲ್ ಮಾಡಿ ಕೇಳುವುದು.

ಕೊನೆಯ ಸೆಮಿಸ್ಟರ್

ಮಾರ್ಚ್ ಹೊತ್ತಿಗೆ ಅರ್ಜಿ ಕಳಿಸಲು ಶುರುಮಾಡಿ. ಎಲ್ಲ ಮೇಜಿಗೂ ಒಂದೇ ರೆಸ್ಯೂಮೆ ಕಳಿಸಬೇಡಿ. ಪ್ಲಾನಿಂಗ್ ಕೆಲಸಕ್ಕಾದರೆ ನೀವೇ ಮಾಡಿದ ಒಂದು ಶೆಡ್ಯೂಲಿನ ಎರಡು ಪುಟ, ರಿಸೋರ್ಸ್ ಜೋಡಿಸುವ ಮುಂಚೆ ಮತ್ತು ಆಮೇಲೆ. ಬಿಲ್ಲಿಂಗ್‌ಗೆ ಒಂದು ಆರ್‌ಎ ಬಿಲ್ಲಿನ ಅಳತೆಯಿಂದ ಮೊತ್ತದವರೆಗಿನ ಹಾಳೆ, ಅಳತೆಯ ಸಂಹಿತೆ ಐಎಸ್ 1200ರ ಯಾವ ಭಾಗದಂತೆ ಅಳೆದಿದ್ದೀರಿ ಎಂಬ ಟಿಪ್ಪಣಿಯೊಂದಿಗೆ. ಕಾಂಟ್ರಾಕ್ಟ್ಸ್ ಆದರೆ ಕಲ್ಪಿತ ತಡವೊಂದಕ್ಕೆ ಬರೆದ ಇಒಟಿ (ಅವಧಿ ವಿಸ್ತರಣೆ) ಪತ್ರ, ದಿನಾಂಕವಾರು. ಕ್ವಾಲಿಟಿಗೆ ಕ್ಯೂಬ್ ಫಲಿತಾಂಶಗಳ ಮೂರು ತಿಂಗಳ ಗ್ರಾಫ್. ಸಂದರ್ಶನದಲ್ಲಿ ‘ನಿಮ್ಮ ಪ್ರಾಜೆಕ್ಟಿನಲ್ಲಿ ಏನು ಮಾಡಿದಿರಿ’ ಎಂದು ಕೇಳಿದರೆ ಸಾಫ್ಟ್‌ವೇರಿನ ಹೆಸರು ಹೇಳಬೇಡಿ, ಕಂಡುಕೊಂಡ ಅಂಕಿ ಹೇಳಿ. ಮುಂದಿನ ಪ್ರಶ್ನೆ ‘ಆ ಅಂಕಿ ಎಲ್ಲಿಂದ ಬಂತು’ ಎಂದೇ ಇರುತ್ತದೆ. ಚಲನ್ ಕಟ್ಟಿನ ಒಂದು ಪ್ರತಿ, ವೀಕ್ಷಣೆಯ ಹಾಳೆಗಳು ಬ್ಯಾಗಿನಲ್ಲಿರಲಿ.